ನಲವತ್ತೆಂಟು ಬೆರಳು

ಕೆಳಬಾಯಿ ಕ್ಯಾಂಪು,
ಜನವರಿ 14

ಮೇಲ್ಬಾಯಿಯ ಸರ್ವೆಯವರಿಗೆ,

ಈ ತಿಂಗಳ ಹತ್ತರಂದು ನೀವು ಕಳಿಸಿದ ಮೊದಲನೆಯ ಅಳತೆ ಪತ್ರ ತಲುಪಿದೆ. ಹೋದ ಸೆಪ್ಟೆಂಬರಿನ ಕಲ್ಲು ತೂರಾಟದ ನಂತರ ಕಂಪನಿ ಹೊರಡಿಸಿದ ಆದೇಶದಂತೆ ನಿಮ್ಮ ಧರ್ಮದವರು ಬೆಟ್ಟದ ಮೇಲ್ಬದಿಯಿಂದ, ನಮ್ಮವರು ಕೆಳಬದಿಯಿಂದ ಸುರಂಗ ಕೊರೆಯತಕ್ಕದ್ದು. ನೀವು ವಾರಕ್ಕೊಂದು ಅಳತೆ ಕಳಿಸತಕ್ಕದ್ದು, ನಾನು ಅದನ್ನು ನೋಡಿಕೊಂಡು ನಮ್ಮ ಕಡೆ ಕೊರೆಯುವ ದಿಕ್ಕಿನ ಗೂಟ ನೆಡತಕ್ಕದ್ದು. ಇಬ್ಬರ ಲೆಕ್ಕವೂ ಸರಿಯಿದ್ದರೆ ವರ್ಷದ ಕೊನೆಗೆ ಬೆಟ್ಟದ ನಡುವೆ ಎರಡು ಸುರಂಗವೂ ಕೂಡಿ, ಆಚೆ ಕೊಳ್ಳದ ನೀರು ಈಚೆ ಊರಿಗೆ ಹರಿಯುತ್ತದೆ.

(ಹಾಳೆಯ ಹಿಂಬದಿ)

ಕಡ್ಡೀ, ಮುಂಬದಿ ಆಫೀಸಿಗೆ, ಹಿಂಬದಿ ನಿನಗೆ. ಓದುತ್ತೀಯೋ ಒಲೆಗೆ ಹಾಕುತ್ತೀಯೋ ನಿನ್ನಿಷ್ಟ.

ಹನ್ನೆರಡು ವರ್ಷ ನೀನು ಅಳತೆಯ ದಾರ ಹಿಡಿದೆ, ನಾನು ದುರ್ಬೀನಿಗೆ ಕಣ್ಣಿಟ್ಟೆ. ಸರ್ವೆ ಕಲಿಸಿದ ಮೇಷ್ಟ್ರು ನಮಗಿಬ್ಬರಿಗೂ ಸೇರಿ ಒಂದೇ ಕಂಬಳಿ ಕೊಟ್ಟಿದ್ದರು, ನೆನಪಿದೆಯೇನೋ? ನಿನ್ನ ಮೈ ನೋಡಿ ಕಡ್ಡಿ ಅಂದರು, ನನ್ನ ಕಣ್ಣು ನೋಡಿ ಗೂಬೆ ಅಂದರು. ಈಗ ನಮ್ಮ ನಡುವೆ ಒಂದು ಬೆಟ್ಟ. ಸುತ್ತುದಾರಿ ಹಿಡಿದರೆ ಒಂದು ಹಗಲಿನ ಪ್ರಯಾಣ. ದಾರದ ಇನ್ನೊಂದು ತುದಿಯಲ್ಲಿ ನೀನಿದ್ದೀಯ ಅಂತ ನಂಬಿಕೊಂಡು ಕತ್ತಲಲ್ಲಿ ಗೂಟ ಹೊಡೆಯಬೇಕು. ಹೆದರಿಕೆಯಾಗುತ್ತದೆ ಕಣೋ.

ಗೂಬೆ


ಮೇಲ್ಬಾಯಿ ಕ್ಯಾಂಪು,
ಜನವರಿ 24

ಕೆಳಬಾಯಿಯ ಸರ್ವೆಯವರಿಗೆ,

ಮೂರನೆಯ ಅಳತೆ ಲಗತ್ತಿಸಿದೆ. ಕಂಪನಿಯ ಹಾಳೆಯ ಹಿಂಬದಿಯಲ್ಲಿ ಸ್ವಂತ ವಿಷಯ ಬರೆಯಬಾರದೆಂದು ನಿಯಮವಿದೆ. ನೀವು ಬರೆದದ್ದನ್ನು ನಾನು ಓದಿಲ್ಲ. ಕಂಬಳಿಯನ್ನು ನೀವೇ ಎಳೆದುಕೊಳ್ಳುತ್ತಿದ್ದಿರಿ, ನಾನು ಚಳಿಯಲ್ಲಿ ಮಲಗುತ್ತಿದ್ದೆ ಎಂಬುದು ಮಾತ್ರ ದಾಖಲೆಯಲ್ಲಿರಲಿ.

ಇತಿ,
ಸರ್ವೆಯವನು, ಮೇಲ್ಬಾಯಿ


ಕೆಳಬಾಯಿ,
ಏಪ್ರಿಲ್ 21

(ಹಿಂಬದಿ)

ಕಡ್ಡೀ, ಇವತ್ತು ನಮ್ಮ ಗೋಡೆಯಲ್ಲಿ ಸಮುದ್ರ ಸಿಕ್ಕಿತು.

ತಮಾಷೆಯಲ್ಲ. ಬೆಳಗಿನ ಸಿಡಿಮದ್ದು ಹಾರಿಸಿ, ಹೊಗೆ ಇಳಿದ ಮೇಲೆ ದೀಪ ಹಿಡಿದು ಹೋದರೆ ಕಲ್ಲಿನ ತುಂಬ ಚಿಪ್ಪು! ಬೆರಳುಗುರಿನಷ್ಟು ಚಿಕ್ಕವು, ಅಂಗೈಯಷ್ಟು ದೊಡ್ಡವು, ಒಂದರ ಮೇಲೊಂದು ಒತ್ತಿಕೊಂಡು ಕೂತಿವೆ. ನಡುವೆ ಒಂದು ಮೀನು. ಮುಳ್ಳು ಮುಳ್ಳೂ ಎಣಿಸಬಹುದು. ಬಾಯಿ ತೆರೆದಿದೆ, ಈಗಷ್ಟೇ ಏನೋ ಹೇಳಲು ಹೊರಟ ಹಾಗೆ. ತಲೆಯ ಮೇಲೆ ಸಾವಿರಾರು ಅಡಿ ಬೆಟ್ಟ, ಅದರ ಹೊಟ್ಟೆಯಲ್ಲಿ ಮೀನು. 

ನಮ್ಮ ಮೇಸ್ತ್ರಿ, "ಎಲ್ಲ ನಮ್ ದೇವರ ಲೀಲೆ," ಅಂದ. ಹಿಂದೆ ನಿಂತಿದ್ದ ಮುದಿ ಕಲ್ಲುಕುಟಿಗ ಕೇಳಿದ, "ಈ ಮೀನು ಈಜ್ತಿದ್ದಾಗ ನಮ್ಮೋರೂ ಇರ್ಲಿಲ್ಲ, ಆಚೆಯೋರೂ ಇರ್ಲಿಲ್ಲ. ಆಗ ದೇವರನ್ನ ಯಾರು ಏನಂತ ಕರೀತಿದ್ರು ಮೇಸ್ತ್ರಿ?" ಮೇಸ್ತ್ರಿ ದೀಪವನ್ನು ಮೀನಿಗೆ ಇನ್ನೂ ಹತ್ತಿರ ಹಿಡಿದ.

ಒಂದು ಚಿಪ್ಪು ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದೇನೆ. ಇದಕ್ಕೂ ನಿಯಮ ಇದೆಯೇನು?

ಗೂಬೆ


ಮೇಲ್ಬಾಯಿ,
ಮೇ 2

(ಹಿಂಬದಿ)

ಚಿಪ್ಪು ಬಂತು. ನಮ್ಮ ಕಡೆಯೂ ಅದೇ ಪದರ ಸಿಕ್ಕಿದೆ, ನಿಮಗಿಂತ ನಾಲ್ಕು ದಿನ ಮೊದಲೇ. ನಮ್ಮವರು ಆಗಲೇ, "ನಮ್ ಮೀನು ಅವರ ಮೀನಿಗಿಂತ ಹಳೇದು," ಅಂತ ಶುರು ಮಾಡಿದ್ದಾರೆ. ಅದೇ ಸಮುದ್ರ, ಅದೇ ಕೆಸರು. ಜನಕ್ಕೆ ಹೇಳಿ ಸುಖವಿಲ್ಲ.

ನಾನೂ ಸಂಜೆಯ ಪಾಳಿ ಮುಗಿದ ಮೇಲೆ ಒಬ್ಬನೇ ಹೋಗಿ ಒಂದು ಗಂಟೆ ನೋಡಿದೆ. ನಿನಗೆ ತೋರಿಸಬೇಕು ಅನ್ನಿಸಿತು. ಅನ್ನಿಸಿದ್ದಕ್ಕೆ ಸಿಟ್ಟೂ ಬಂತು.

ಕಡ್ಡಿ


ಕೆಳಬಾಯಿ,
ಅಕ್ಟೋಬರ್ 20

(ಹಿಂಬದಿ)

ಕಡ್ಡೀ, ನಿಮ್ಮವರ ಸದ್ದು ಕೇಳಿಸುತ್ತಿದೆ!

ಚಹಾದ ಹೊತ್ತು. ಹಾರೆ, ಸುತ್ತಿಗೆ ಎಲ್ಲ ಕೆಳಗಿಟ್ಟಿದ್ದೆವು. ಮುದಿ ಕಲ್ಲುಕುಟಿಗ ಗೋಡೆಗೆ ಒರಗಿ ಕೂತವನು ಚೇಳು ಕುಟುಕಿದವನ ಹಾಗೆ ಎದ್ದ. "ಒಳಗೆ ಯಾರೋ ಇದಾರೆ," ಅಂದ. ಎಲ್ಲರೂ ಕಿವಿಯಿಟ್ಟೆವು. ಟಕ್, ಟಕ್, ಟಕ್. ಎಳೆಮಗುವಿನ ಎದೆಬಡಿತದಷ್ಟು ಸಣ್ಣಗೆ. ಒಂಬತ್ತು ತಿಂಗಳು ಕಲ್ಲು ಒಡೆದಿದ್ದೇವೆ, ಕಲ್ಲು ಒಮ್ಮೆಯೂ ಮಾತಾಡಿರಲಿಲ್ಲ. ನಮ್ಮ ಮೇಸ್ತ್ರಿ ಗೋಡೆಯಿಂದ ಕಿವಿ ತೆಗೆಯಲೇ ಇಲ್ಲ. ಅವನ ಚಹಾ ಆರಿಹೋಯಿತು.

ಈಗ ನಮ್ಮವರಿಗೆ ಅದೇ ಕೆಲಸ. "ಆಚೆಯೋರು ಇವತ್ತು ಬೇಗ ಶುರು ಮಾಡಿದ್ರು." "ಅವರಲ್ಲೊಬ್ಬ ಎಡಗೈಯೋನು ಇದಾನೆ ಕಣ್ರೋ, ಏಟು ಬೇರೆ ಥರ ಬೀಳುತ್ತೆ." ವರ್ಷದ ಹಿಂದೆ ನಿಮ್ಮವರ ಹೆಸರೆತ್ತಿದರೆ ಉಗಿಯುತ್ತಿದ್ದವರು ಈಗ ನಿಮ್ಮ ಕಡೆ ಅರ್ಧ ದಿನ ಸದ್ದಿಲ್ಲದಿದ್ದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಕಷ್ಟ ನಮ್ಮನ್ನು ಒಂದು ಮಾಡುತ್ತದೆ ಕಡ್ಡೀ, ಧರ್ಮವೇ ಬೇರೆ ಮಾಡಿದ್ದು. ನನಗೆ ಈಗ ಗೊತ್ತಾಯಿತು.

ಎಲ್ಲರೂ ಹೋದ ಮೇಲೆ ನಾನು ಸುತ್ತಿಗೆ ತೆಗೆದುಕೊಂಡು ಮೂರು ಸಲ ತಟ್ಟಿದೆ. ನಮ್ಮಿಬ್ಬರದೇ ಹಳೆಯ ಗುರುತು. ಉತ್ತರ ಬರಲಿಲ್ಲ. ಬರಲೇಬೇಕು ಅಂತೇನೂ ಇಲ್ಲ.

ಗೂಬೆ


ಮೇಲ್ಬಾಯಿ,
ಅಕ್ಟೋಬರ್ 24

(ಹಿಂಬದಿ)

ಕೇಳಿಸಿತು. ನಾನೂ ಒಮ್ಮೆ ಮೂರು ಸಲ ತಟ್ಟಿದ್ದೆ.

ಸೆಪ್ಟೆಂಬರಿನ ಆ ಮಧ್ಯಾಹ್ನ, ಇಲ್ಲಿಯ ಸರ್ವೆ ಶೆಡ್ಡಿನ ಬಾಗಿಲು. ಒಳಗೆ ನಿಮ್ಮವರ ಜೊತೆ ನೀನು, ಕೀಲಿ ನಿನ್ನ ಜೇಬಿನಲ್ಲಿ. ಹೊರಗೆ ನಾನೊಬ್ಬ, ಹಿಂದಿನಿಂದ ಎರಡೂ ಗುಂಪಿನವರ ಕಲ್ಲು ಬರುತ್ತಿದ್ದವು. ಮೂರು ಸಲ ತಟ್ಟಿದೆ, ಮತ್ತೆ ಮೂರು ಸಲ. ಕಿಟಕಿಯ ಸಂದಿನಲ್ಲಿ ನಿನ್ನ ಕಣ್ಣು ಕಂಡಿತು. ಆ ಗೂಬೆಕಣ್ಣು ಗುರುತು ಸಿಗದೆ ಇರುತ್ತದೇನೋ?

ನನ್ನ ಎಡಗಿವಿ ಹೋಗಿದೆ. ಗೊತ್ತಿರಲಿಲ್ಲ ಅನ್ನಬೇಡ.

ನಲವತ್ತೆರಡನೆಯ ಅಳತೆ ಮುಂಬದಿಯಲ್ಲಿದೆ.

ಕಡ್ಡಿ


ಕೆಳಬಾಯಿ,
ಡಿಸೆಂಬರ್ 8

(ಹಿಂಬದಿ)

ಕಡ್ಡೀ, ನಲವತ್ತೆಂಟನೆಯ ಅಳತೆ ಬಂತು. ಆರು ವಾರದಿಂದ ಹಿಂಬದಿ ಖಾಲಿ ಬಿಟ್ಟೆ. ಏನು ಬರೆಯಲಿ? ದೊಡ್ಡದನ್ನು ಹೇಳಲು ಕೈ ಏಳುತ್ತಿಲ್ಲ. ಚಿಕ್ಕದೊಂದು ಹೇಳುತ್ತೇನೆ, ಅದರಿಂದಲಾದರೂ ಬಾಯಿ ಬಿಡಲಿ.

ನೀನು ದಾರ ಹಿಡಿದರೆ ಯಾವಾಗಲೂ ಒಂದು ಬೆರಳಷ್ಟು ವಾಲುತ್ತದೆ. ಮೊದಲ ದಿನದಿಂದಲೂ. ಮೇಷ್ಟ್ರಿಗೆ ಹೇಳಿದ್ದೆ. ಅವರು, "ಅವನಿಗೆ ಹೇಳ್ಬೇಡ, ಕೈ ನಡುಗೋಕೆ ಶುರುವಾಗುತ್ತೆ. ನೀನೇ ಸರಿಮಾಡ್ಕೊಂಡು ಹೋಗು," ಅಂದರು. ಹಾಗೇ ಹನ್ನೆರಡು ವರ್ಷ ನಿನಗೆ ಹೇಳದೆ ತಿದ್ದುತ್ತ ಬಂದೆ. ಈ ವರ್ಷವೂ ಅಷ್ಟೇ. ನಿನ್ನ ಒಂದೊಂದು ಪತ್ರ ಬಂದಾಗಲೂ ನನ್ನ ಗೂಟವನ್ನು ಒಂದು ಬೆರಳು ಎಡಕ್ಕೆ ಸರಿಸಿ ಹೊಡೆದಿದ್ದೇನೆ. ನಡುವೆ ನಲವತ್ತು ಅಡಿ ಕಲ್ಲಷ್ಟೇ ಉಳಿದಿದೆ. ಎದುರು ಸಿಗುವ ಮೊದಲು ಇದಾದರೂ ಗೊತ್ತಿರಲಿ. ಬೈದುಕೋ.

ಗೂಬೆ


ಮೇಲ್ಬಾಯಿ,
ಡಿಸೆಂಬರ್ 12

ಲೋ ಗೂಬೆ,

ಹಿಂಬದಿ ಅಲ್ಲ, ಮುಂಬದಿಯಲ್ಲೇ ಬರೆಯುತ್ತಿದ್ದೇನೆ. ಆಫೀಸಿನವರೂ ಓದಲಿ. ಎಷ್ಟು ಸೊಕ್ಕು ನಿನಗೆ! ನನ್ನ ಕೈ ವಾಲುತ್ತಿತ್ತು ಅಂತ ನನಗೆ ಗೊತ್ತಿರಲಿಲ್ಲ ಅಂದುಕೊಂಡೆಯಾ? ಕಿವಿಗೆ ಏಟು ಬಿದ್ದ ಮೇಲೆ ಮೈಯ ತೂಕವೇ ತಪ್ಪಿತ್ತು. ಆರು ವಾರ ಗೋಡೆ ಹಿಡಿದು ನೇರ ನಿಲ್ಲುವುದನ್ನು ಕಲಿತೆ. ಆಗಲೇ ಕೈಯನ್ನೂ ತಿದ್ದಿಕೊಂಡೆ. ಈ ವರ್ಷ ನಾನು ಕಳಿಸಿದ ನಲವತ್ತೆಂಟು ಅಳತೆಯೂ ಕೂದಲೆಳೆಯಷ್ಟೂ ಸೊಟ್ಟಗಿಲ್ಲ.

ಬೆಟ್ಟ ಅಗೆದು ಇಲಿ ಹಿಡಿದ ಹಾಗೆ ಆಯಿತು ನಮ್ಮ ಕೆಲಸ. ಸರಿಯಿದ್ದದ್ದನ್ನು ನೀನು ನಲವತ್ತೆಂಟು ಸಲ ತಿದ್ದಿದ್ದೀಯ. ಕೇಳಬಹುದಿತ್ತಲ್ಲ? ಒಂದು ಸಲ ಕೇಳಬಹುದಿತ್ತಲ್ಲ?

(ಈ ಪತ್ರವನ್ನು ಅಂಚೆಗೆ ಹಾಕಲಿಲ್ಲ. ಡಿಸೆಂಬರ್ 20ರ ಪತ್ರದೊಂದಿಗೆ ಇಟ್ಟಿದ್ದೇನೆ. — ಕಡ್ಡಿ)


ಕೆಳಬಾಯಿ,
ಡಿಸೆಂಬರ್ 13

ಅಣ್ಣಾ,

ಈ ಚೀಟಿಯನ್ನು ಕಂಪನಿ ಜೀಪಿನವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಬೆಳಿಗ್ಗೆ ಸುರಂಗದ ಮೇಲ್ಭಾಗ ಕುಸಿಯಿತು. ನಿಮ್ಮ ಗೆಳೆಯರು, ನಮ್ಮ ಯಜಮಾನರೂ ಸೇರಿ ಹನ್ನೊಂದು ಜನ ಕುಸಿತದ ಆಚೆ, ಕೊನೆಯ ಗೋಡೆಯ ಹತ್ತಿರ ಸಿಕ್ಕಿಕೊಂಡಿದ್ದಾರೆ. ಈ ಕಡೆಯಿಂದ ಮಣ್ಣು ತೆಗೆಯಲು ಹತ್ತು ದಿನ ಬೇಕಂತೆ. ಗಾಳಿ ಎರಡು ದಿನಕ್ಕೂ ಸಾಲದಂತೆ. ನಿಮ್ಮ ಕಡೆಯಿಂದ ಮಾತ್ರ ಆಗುತ್ತದೆ ಎನ್ನುತ್ತಿದ್ದಾರೆ.

ನೀವು ನಮ್ಮ ಮನೆಗೆ ಬಂದು ವರ್ಷದ ಮೇಲಾಯಿತು. ಯಾಕೆ ಅಂತ ಅವರು ಹೇಳಲಿಲ್ಲ. ನಾನು ಕೇಳಲಿಲ್ಲ. ಈಗಲೂ ಕೇಳುತ್ತಿಲ್ಲ. ಅವರನ್ನು ಹೊರಗೆ ತೆಗೆಯಿರಿ ಅಣ್ಣಾ.

ನಿಮ್ಮ ತಂಗಿ


ಮೇಲ್ಬಾಯಿ,
ಡಿಸೆಂಬರ್ 20

ಗೂಬೇ,

ಆಸ್ಪತ್ರೆಯಲ್ಲಿ ನಿನ್ನ ಕಾಲಿಗೆ ಕಟ್ಟು ಹಾಕಿದ್ದಾರಂತೆ. ಎಲ್ಲಿಗೂ ಓಡಿಹೋಗಲಾರೆ, ಪೂರ್ತಿ ಓದು. ಗೋಡೆ ಒಡೆದು ನಿಮ್ಮನ್ನು ಹೊರಗೆಳೆದದ್ದು ನಿನಗೆ ಗೊತ್ತು, ಅದಕ್ಕೆ ಮೊದಲು ಗೋಡೆಯ ಈ ಕಡೆ ಏನಾಯಿತು ಅಂತ ಗೊತ್ತಿಲ್ಲ.

ಸುದ್ದಿ ಬಂದಾಗ ನಮ್ಮ ಮೇಸ್ತ್ರಿ ಊಟಕ್ಕೆ ಕೂತಿದ್ದ. ನಿಮ್ಮವರ ಕೈಯ ನೀರು ಕುಡಿಯುವುದಿಲ್ಲ ಅಂತ ಆಣೆ ಹಾಕಿದ್ದವನು ಅವನೇ. ತಟ್ಟೆಯಲ್ಲೇ ಕೈ ತೊಳೆದು ಎದ್ದ. ಉಳಿದ ಹದಿನೈದು ಅಡಿ ಕಲ್ಲು ದಾಟಿ ಗಾಳಿಗೊಂದು ತೂತು ಕೊರೆಯಬೇಕು. ಅಷ್ಟು ಉದ್ದದ ಕೊರೆಸಲಾಕೆ ನಮ್ಮಲ್ಲಿದ್ದದ್ದು ಎರಡೇ. ಇಂಜಿನಿಯರು ನಕ್ಷೆ ನೋಡಿ ನಟ್ಟನಡುವೆ ಗುರುತು ಹಾಕಿದರು. ಹದಿನೈದು ಅಡಿ ಆಯಿತು, ಹದಿನಾರಾಯಿತು, ಹದಿನೆಂಟಾಯಿತು. ಬರೀ ಕಲ್ಲುಪುಡಿ. ಕೊನೆಗೆ ಸಲಾಕೆ ಮುರಿಯಿತು. ಒಂದು ಹಗಲು ಹೋಯಿತು. "ಲೆಕ್ಕ ಸರೀನೇ ಇದೆಯಲ್ಲಪ್ಪ," ಅಂತ ಇಂಜಿನಿಯರು ತಲೆ ಹಿಡಿದುಕೊಂಡು ಕೂತರು.

ಆಗ ಜೇಬಿನಲ್ಲಿ ನಿನ್ನ ಪತ್ರ ಕೈಗೆ ತಗುಲಿತು. ನಲವತ್ತೆಂಟು ಪತ್ರ, ನಲವತ್ತೆಂಟು ಬೆರಳು, ನಾಲ್ಕು ಗೇಣು, ಅಂದರೆ ಮೂರು ಅಡಿ. ಸುರಂಗದ ಅಗಲವೇ ಐದು ಅಡಿ. ನೀವು ಗೋಡೆಯ ಪಕ್ಕಕ್ಕೇ ಸರಿದುಹೋಗಿದ್ದಿರಿ. ನಿನ್ನ ಎಡ ಅಂದರೆ ನನ್ನ ಬಲ. ಎಲ್ಲರೆದುರು ಪತ್ರ ಓದಿ ಹೇಳಿದೆ. ನನ್ನ ಮಾನ ಹೋಗುವುದಿತ್ತು, ಹೋಯಿತು. ಮೇಸ್ತ್ರಿ, "ಹನ್ನೆರಡು ವರ್ಷ ಹೇಳ್ದೆ ತಿದ್ದಿದ್ನಾ? ಭಲೇ ಕಳ್ಳ!" ಅಂದ.

ಇಂಜಿನಿಯರಿಗೆ ನಂಬಿಕೆ ಬರಲಿಲ್ಲ. ಉಳಿದದ್ದು ಒಂದೇ ಸಲಾಕೆ. ಕಿವಿಯಿಟ್ಟು ನೋಡಿ ಅಂದರು. ಒಂದೇ ಕಿವಿಯವನಿಗೆ ಸದ್ದು ಕೇಳಿಸುತ್ತದೆ, ಎಲ್ಲಿಂದ ಬರುತ್ತಿದೆ ಅಂತ ತಿಳಿಯುವುದಿಲ್ಲ ಗೂಬೆ. ಅದು ನನಗೆ ವರ್ಷದಿಂದ ಗೊತ್ತು. ಆಗ ಮೇಸ್ತ್ರಿ ಯಂತ್ರವನ್ನೆಲ್ಲ ಬಂದ್ ಮಾಡಿಸಿದ. ನಲವತ್ತು ಜನರನ್ನು ಎದುರು ಗೋಡೆಗೂ ಪಕ್ಕದ ಗೋಡೆಗಳಿಗೂ ಕಿವಿ ಹಚ್ಚಿಸಿ ನಿಲ್ಲಿಸಿದ, ಕೂರಿಸಿದ, ತಾನು ಕೆಸರಿನಲ್ಲಿ ಬೋರಲು ಬಿದ್ದು ಬುಡಕ್ಕೆ ಕಿವಿಯಿಟ್ಟ. ಗೋಡೆಗೂ ಕಿವಿ ಇರುತ್ತದೆ ಅಂತ ಸುಮ್ಮನೆ ಮಾತಿಗೆ ಹೇಳುತ್ತೇವೆ. ಅವತ್ತು ಗೋಡೆ ತುಂಬ ಕಿವಿ. ಕೆಮ್ಮುವವನು ಬಾಯಿಗೆ ಟೋಪಿ ತುರುಕಿಕೊಂಡ. ನಾನು ಎಷ್ಟೋ ಪ್ರಾರ್ಥನೆಗಳಲ್ಲಿ ನಿಂತಿದ್ದೇನೆ, ಅಂಥ ಮೌನ ಎಲ್ಲೂ ಕೇಳಿಲ್ಲ.

ಆಮೇಲೆ ಬಲತುದಿಯಲ್ಲಿದ್ದವನು ಕೈಯೆತ್ತಿದ. ಅವನ ಪಕ್ಕದವನೂ ಎತ್ತಿದ. ಮೇಸ್ತ್ರಿ ಮಲಗಿದಲ್ಲೇ ಮೂರು ಬೆರಳು ತೋರಿಸಿದ. ಮೂರು ಸಲ ತಟ್ಟುತ್ತಿದ್ದಾರೆ ಅಂತ. ನನಗೆ ಗೊತ್ತಾಯಿತು ನೀನೇ ಅಂತ.

ಅಲ್ಲೇ ಕೊರೆದೆವು. ಹದಿನೈದೂವರೆ ಅಡಿಗೆ ಸಲಾಕೆ ಸರಕ್ಕನೆ ಒಳಗೆ ಹೋಯಿತು. ಎಳೆದದ್ದೇ ತಡ, ನಾನು ಎಲ್ಲರನ್ನೂ ತಳ್ಳಿ ತೂತಿಗೆ ಕೂಗಿ ಕಿವಿಯಿಟ್ಟೆ. ಏನೂ ಇಲ್ಲ. ಮತ್ತೆ ಕೂಗಿದೆ. ಏನೇನೂ ಇಲ್ಲ. "ಯಾರೂ ಇಲ್ಲ, ಎಲ್ಲ ಮುಗೀತು," ಅಂತ ಗೊಳೋ ಅಂತ ಅತ್ತೆ. ಮೇಸ್ತ್ರಿ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಗಿರ್ರನೆ ತಿರುಗಿಸಿದ. "ಲೇ, ಆ ಕಿವಿ ಅಲ್ಲ ಕಣೋ!"

ಬಲಗಿವಿಗೆ ನಿನ್ನ ಬೈಗುಳ ಕೇಳಿಸಿತು. "ಎಷ್ಟೊತ್ತೋ ಬರೋಕೆ, ಕಡ್ಡಿ?"

ಕಡ್ಡಿ


ಆಸ್ಪತ್ರೆ,
ಜನವರಿ 3

ಕಡ್ಡೀ,

ನಿನ್ನ ಪತ್ರವನ್ನು ವಾರ್ಡಿನಲ್ಲಿರುವ ಉಳಿದ ಹತ್ತು ಜನಕ್ಕೂ ಓದಿ ಹೇಳಿದೆ. ಕಿವಿಯ ಕಥೆ ಬಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು.

ಒಳಗೆ ಗಾಳಿ ಉಳಿಯಲಿ ಅಂತ ದೀಪ ಆರಿಸಿದ್ದೆವು. ನಮ್ಮವರು ಮೊದಲು ಗಟ್ಟಿಯಾಗಿ ಪ್ರಾರ್ಥಿಸಿದರು, ಆಮೇಲೆ ಮೆಲ್ಲಗೆ, ಆಮೇಲೆ ಉಸಿರು ಸಾಲಲಿಲ್ಲ. ಉಳಿದದ್ದು ತಟ್ಟುವುದೊಂದೇ. ಸುತ್ತಿಗೆ ಕೈಗೆ ಬಂದಾಗ ನನಗೆ ಬೇರೆ ಯಾವ ಲೆಕ್ಕವೂ ತೋಚಲಿಲ್ಲ, ಮೂರು ಸಲ ತಟ್ಟಿದೆ. ತಟ್ಟಿ ಕಿವಿಯಿಟ್ಟು ಕಾದೆ. ಆಗ ಗೊತ್ತಾಯಿತು, ಬಾಗಿಲ ಹೊರಗೆ ನಿಂತವನಿಗೆ ಹೇಗಿರುತ್ತದೆ ಅಂತ.

ಈಗ ದೊಡ್ಡದನ್ನು ಹೇಳುತ್ತೇನೆ. ಆ ದಿನ ಕೀಲಿ ನನ್ನ ಕೈಯಲ್ಲೇ ಇತ್ತು. ಜೇಬಿನಿಂದ ತೆಗೆದಿದ್ದೆ. ಯಾರೂ ನನ್ನ ಕೈ ಹಿಡಿಯಲಿಲ್ಲ. ಹಿಂದಿನಿಂದ ಒಬ್ಬ, "ತೆಗೆದ್ರೆ ನೀನು ನಮ್ಮೋನಲ್ಲ," ಅಂದ, ಅಷ್ಟೇ. ಅಷ್ಟಕ್ಕೇ ನಾನು ಹೆದರಿದೆ. ನೀನು ತಟ್ಟುವುದು ನಿಲ್ಲಿಸುವವರೆಗೂ ಕೀಲಿ ಹಿಡಿದು ನಿಂತೆ. ವರ್ಷವಿಡೀ ನಿನ್ನ ದಾರ ತಿದ್ದುತ್ತಿದ್ದೆನಲ್ಲ, ನೀನು ಸೊಟ್ಟ ಅಂತ ಅಂದುಕೊಂಡಿದ್ದರೆ ನನಗೆ ಸ್ವಲ್ಪ ನೆಮ್ಮದಿ ಸಿಗುತ್ತಿತ್ತು.

ಧರ್ಮ ನಮ್ಮನ್ನು ಬೇರೆ ಮಾಡಿತು, ಕಷ್ಟ ಕೂಡಿಸಿತು. ಹೊಟ್ಟೆಗೆ ಹಾಕಿಕೋ ಅನ್ನುವ ಮುಖವಿಲ್ಲ ನನಗೆ.

ಗೂಬೆ


ಮೇಲ್ಬಾಯಿ,
ಫೆಬ್ರವರಿ 27

ಗೂಬೇ,

ಉತ್ತರ ತಡವಾಯಿತು. ಯೋಚಿಸುತ್ತಿದ್ದೆ.

ಸುರಂಗ ಪೂರ್ತಿ ಬಿಟ್ಟುಕೊಂಡಿತು. ಮೊದಲ ಹದಿನೈದು ದಿನ ಎರಡೂ ಕಡೆಯವರು ಒಂದೇ ಸಾಲಿನಲ್ಲಿ ಊಟಕ್ಕೆ ಕೂತರು. ನಮ್ಮ ಮೇಸ್ತ್ರಿ ನಿಮ್ಮ ಮುದಿ ಕಲ್ಲುಕುಟಿಗನ ಲೋಟದಲ್ಲೇ ನೀರು ಕುಡಿದ. ಆಮೇಲೆ, ನೀರು ಬಿಡುವ ದಿನ ಯಾರ ಪ್ರಾರ್ಥನೆ ಮೊದಲು ಅಂತ ಮತ್ತೆ ಶುರುವಾಯಿತು. ಈಗ ಸಾಲು ಎರಡಾಗಿವೆ. ಲೋಟದ ವಿಷಯ ಮೇಸ್ತ್ರಿ ಎತ್ತುವುದಿಲ್ಲ, ನಾವೂ ಕೇಳುವುದಿಲ್ಲ.

ಹಾಗಾಗಿ ಕಷ್ಟ ಕೂಡಿಸುತ್ತದೆ, ಧರ್ಮ ಬೇರೆ ಮಾಡುತ್ತದೆ ಅಂತ ನೀನು ಬರೆದದ್ದನ್ನು ನಾನು ಒಪ್ಪುವುದಿಲ್ಲ. ಅಷ್ಟು ಸುಲಭವಾಗಿ ನಿನ್ನನ್ನು ಬಿಡುವವನಲ್ಲ. ಕಲ್ಲು ತೂರಾಟದ ವಾರ ಕ್ಯಾಂಪಿನ ನೀರಿನ ತೊಟ್ಟಿ ಖಾಲಿಯಾಗಿತ್ತು, ಮರೆತೆಯಾ? ಎಲ್ಲರ ಗಂಟಲೂ ಒಣಗಿತ್ತು. ಆ ಕಷ್ಟ ನಮ್ಮನ್ನು ಕೂಡಿಸಲಿಲ್ಲ. ಇನ್ನು ಮೇಸ್ತ್ರಿ ಕೆಸರಿನಲ್ಲಿ ಬಿದ್ದು ನಿಮ್ಮ ಸದ್ದಿಗೆ ಕಿವಿಗೊಟ್ಟಾಗ ಅವನ ತುಟಿ ಅಲ್ಲಾಡುತ್ತಿತ್ತು. ಪ್ರಾರ್ಥಿಸುತ್ತಿದ್ದ ಕಣೋ, ನಿಮಗೋಸ್ಕರ, ನಮ್ಮ ದೇವರಿಗೆ. ಬಾಗಿಲು ತೆಗೆಯದಿದ್ದದ್ದು ನಿನ್ನ ಕೈ. ದೇವರ ತಲೆಗೆ ಕಟ್ಟಬೇಡ. ಅದನ್ನು ನೀನೇ ಹೊತ್ತುಕೊಂಡು ಬಂದಾಗ ಮಾತ್ರ ನನಗೆ ಇಳಿಸಿಕೊಳ್ಳಲು ಆಗುತ್ತದೆ.

ಒಂದು ಸುದ್ದಿ ಇದೆ. ನಡುವಿನ ನಾಲ್ಕು ಗೇಣಿನ ಸೊಟ್ಟ ಹಾಗೇ ಉಳಿಯುತ್ತದೆ. ಇಂಜಿನಿಯರು ನೇರ ಮಾಡಿಸಬೇಕು ಅಂದರು. ಎರಡು ಸಾಲಿನವರೂ ಒಂದೇ ಬಾಯಿಯಲ್ಲಿ ಆಗುವುದಿಲ್ಲ ಅಂದರು. ನಿನ್ನೆ ನಾನೊಬ್ಬನೇ ದೀಪ ಹಿಡಿದು ಹೋಗಿ ಅಲ್ಲಿ ನಿಂತಿದ್ದೆ. ನಿಮ್ಮ ಮೀನಿನ ಪದರ ಒಂದು ಕಡೆಯಿಂದ, ನಮ್ಮದು ಇನ್ನೊಂದು ಕಡೆಯಿಂದ ಅಲ್ಲಿಯವರೆಗೂ ಬಂದು ಕೂಡಿವೆ. ಒಂದೇ ಸಮುದ್ರ ಗೂಬೆ, ಕಣ್ಣಾರೆ ಕಂಡೆ. ಆ ತಿರುವಿನಲ್ಲಿ ನಿಂತರೆ ಎರಡು ಬಾಯಿಯ ಬೆಳಕೂ ಕಾಣುವುದಿಲ್ಲ, ಎರಡು ಕಡೆಯ ಗಾಳಿಯೂ ಮುಖಕ್ಕೆ ತಾಗುತ್ತದೆ.

ನೀರು ಬಿಡುವುದು ಮುಂದಿನ ತಿಂಗಳು. ಅಲ್ಲಿಯವರೆಗೆ ಒಳಗೆ ನಡೆದು ಬರಬಹುದು. ನಿನ್ನ ಕುಂಟುಕಾಲಿಗೆ ಒಂದು ಗಂಟೆಯ ದಾರಿ. ಸರ್ವೆ ಶೆಡ್ಡು ಅಲ್ಲೇ ಇದೆ, ಅದೇ ಬಾಗಿಲು. ಕೀಲಿ ಈಗ ನನ್ನ ಹತ್ತಿರ.

ಬಂದರೆ ಮೂರು ಸಲ ತಟ್ಟು. ನಾನು ಮೇಜಿಗೆ ಕೂತಾಗ ಬಾಗಿಲು ನನ್ನ ಎಡಕ್ಕೆ ಬೀಳುತ್ತದೆ, ಆ ಕಿವಿಗೆ ಕೇಳಿಸುವುದಿಲ್ಲ. ತೆಗೆಯಲಿಲ್ಲ ಅಂತ ವಾಪಸ್ಸು ಹೋಗಬೇಡ. ಗಟ್ಟಿಯಾಗಿ ತಟ್ಟು.

ಕಡ್ಡಿ